ಹಾಲುಬೆಂಡೆ ಬೀಜದ ಲೆಕ್ಕ

ರೋಹಿಣಿ ಮಳೆಯ ಹನಿ ಬಿದ್ದದ್ದೇ ಅಟ್ಟದಿಂದ ಬೀಜದ ಭರಣಿ ಇಳಿಸಿದೆ. ಅಮ್ಮನ ಕಾಲದ ಹಾಲುಬೆಂಡೆ: ಬಿಳಿಚು ಮೈ, 8 ಏಣು, ಗೇಣುದ್ದ. ಒಂದೆರಡು ಕಾಯಿ ಗಿಡದಲ್ಲೇ ಒಣಗಲು ಬಿಟ್ಟರೆ ಬೇಕಾದಷ್ಟು ಬೀಜ. ನಮಗೆ ಬೇಕಿರುವುದು ಹತ್ತೇ ಗಿಡ. ಮಿಕ್ಕಿದ್ದನ್ನು ಹಳೇ ಮದುವೆ ಕಾಗದದ ಲಕೋಟೆಗಳಿಗೆ ತುಂಬಿ ಅಕ್ಕಪಕ್ಕಕ್ಕೆಲ್ಲ ಹಂಚಿ ಬಂದೆ.

ದಾನಶೂರ ಅಂದುಕೊಳ್ಳಬೇಡಿ, ಪಕ್ಕಾ ಸ್ವಾರ್ಥ. ಹಿಂದೊಮ್ಮೆ ಪಕ್ಕದ ಹಿತ್ತಲಲ್ಲಿ ಪೇಟೆಯ ಹೈಬ್ರಿಡ್ ಬೆಂಡೆ ಹಾಕಿದ್ದರು. ಬೆಂಡೆಹೂ ತನ್ನಷ್ಟಕ್ಕೇ ಕಾಯಿ ಕಟ್ಟುತ್ತದೆ, ನಿಜ. ಆದರೆ ಜೇನುನೊಣಕ್ಕೆ ಯಾವ ಬೇಲಿ? ಮರುವರ್ಷ ನಮ್ಮ ಸಾಲಲ್ಲಿ ಅರ್ಧಕ್ಕರ್ಧ ಹಸಿರು ಮೋಟುಕಾಯಿ! ಅಸಲಿ ಬೀಜ ಕೊನೆಗೆ ಸಿಕ್ಕಿದ್ದು ಕೆಳಮನೆಯಲ್ಲಿ. ನಾನೇ ಎಂದೋ ಕೊಟ್ಟು ಮರೆತದ್ದನ್ನು ಅಲ್ಲಿನ ಅಜ್ಜಿ ವರ್ಷವರ್ಷವೂ ಬೆಳೆದು, ಬೂದಿ ಬೆರೆಸಿ ಇಟ್ಟಿದ್ದರು. ಈಗ ಬೇಲಿಯ ಆಚೆಯೂ ಈಚೆಯೂ ಹಾಲುಬೆಂಡೆಯೇ.

ಅಲಸಂದೆಯೊಂದನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ಇವತ್ತು ಡಬ್ಬಿ ಬಿಚ್ಚಿದರೆ ತೂತುಬಿದ್ದ ಕಾಳು, ಮೇಲೊಂದಿಷ್ಟು ಹಿಟ್ಟು, ಹಿಟ್ಟಿನ ಮೇಲೆ ನೆಮ್ಮದಿಯಾಗಿ ಓಡಾಡುವ ಹುಳ. ಕೆಂಪುಕಾಳಿನ ಬಳ್ಳಿ ಅಲಸಂದೆ ಯಾರಲ್ಲಾದರೂ ಇದ್ದರೆ ಹೇಳಿ ಮಾರಾಯ್ರೆ, ಬದಲಿಗೆ ಬೆಂಡೆ ಕೊಡುತ್ತೇನೆ.