ಕಿವಿ ತಪ್ಪಿದ ಆನೆ

ದೀಪಾವಳಿಗೆ ಊರಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಪಟಾಕಿ ಇರಲಿಲ್ಲ, ಆನೆ ಇತ್ತು. 14 ತುಂಡಾಗಿ, ಒಂದು ಪುಟ್ಟ ಡಬ್ಬಿಯಲ್ಲಿ. ಮೈ ಎರಡು ಹೋಳು, ಸೊಂಡಿಲು, ಎರಡು ಕಿವಿ, ಎರಡು ದಂತ, ಬಾಲ, ಅಂಬಾರಿಯದು ಎರಡು ತುಂಡು, ಮಾವುತ, ಮೂವರು ಸೈನಿಕರು. ಡಬ್ಬಿಯ ಮೇಲೆ ‘ಭಾರತದ ಯುದ್ಧದಾನೆ’ ಅಂತ ಇಂಗ್ಲಿಷಿನಲ್ಲಿತ್ತು. ಬೆಲೆ 3,800 ರೂಪಾಯಿ. ಮನೆಯಲ್ಲಿ ಕೇಳಿದರೆ ಸಾವಿರದಿನ್ನೂರು ಅನ್ನೋಣ ಅಂತ ಬಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ.

ನಮ್ಮೂರು ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ. ಅತ್ತ ಕಾವೇರಿ ವನ್ಯಧಾಮದ ಕಾಡು, ಇತ್ತ ನಮ್ಮ ರಾಗಿ ಹೊಲ, ಹಿಪ್ಪುನೇರಳೆ ತೋಟ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಶನಿವಾರ ಸಂಜೆ ನಾವು ಐದಾರು ಜನ ಸೇರಿ ಮೇಜಿನ ಮೇಲೆ ಯುದ್ಧ ಆಡುತ್ತೇವೆ. ಗುಡ್ಡ, ಹೊಳೆ, ಬೆರಳುದ್ದದ ಸೈನಿಕರು. ಯಾರು ಎಷ್ಟು ದೂರ ನಡೆಯಬಹುದು ಅಂತ ಟೇಪು ಹಿಡಿದು ಅಳೆಯುವುದು, ಹೊಡೆತ ಬಿತ್ತೋ ಇಲ್ಲವೋ ಅಂತ ದಾಳ ಉರುಳಿಸುವುದು. ಮಕ್ಕಳಾಟ ಅಂತ ನಗಬೇಡಿ. ಎಚ್.ಜಿ. ವೆಲ್ಸ್ ಅಂಥವರೇ 1913ರಲ್ಲಿ ಇಂಥ ಆಟಕ್ಕೆ ನಿಯಮ ಬರೆದು ಪುಸ್ತಕ ಮಾಡಿದ್ದರು.

ಹಬ್ಬದ ಮಾರನೇ ದಿನ ಜಗಲಿ ಮೇಲೆ ಪೇಪರ್ ಹಾಸಿ ಕೂತೆ. ಈ ಆನೆ ಪಾಲಿಯುರೆಥೇನ್ ರೆಸಿನ್‌ನದು. ಸಿಲಿಕೋನ್ ಅಚ್ಚಿಗೆ ದ್ರವ ಸುರಿದು ಗಟ್ಟಿಯಾದ ಮೇಲೆ ಬಿಡಿಸುತ್ತಾರೆ. ಅಚ್ಚಿಗೆ ಅಂಟದಿರಲಿ ಅಂತ ಸವರಿದ ಎಣ್ಣೆಯಂಥ ಪಸೆ ತುಂಡುಗಳ ಮೇಲೆ ಉಳಿದಿರುತ್ತದೆ. ಅದನ್ನು ತೊಳೆಯದಿದ್ದರೆ ಅಂಟೂ ಕೂರುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಸೊಂಡಿಲು ಸೊಟ್ಟಗಿತ್ತು. ಬಿಸಿನೀರಲ್ಲಿ ಅರೆನಿಮಿಷ ಅದ್ದಿ, ಬಗ್ಗಿಸಿ, ತಣ್ಣೀರಿಗೆ ಹಾಕಿದರೆ ಹಾಗೇ ನಿಲ್ಲುತ್ತದೆ.

“ಆ ಬೋಗುಣಿ ಇನ್ನು ಅಡುಗೆಗೆ ಬ್ಯಾಡ, ನೀನೇ ಮಡಿಕೋ” ಅಂದಳು ಅವ್ವ.

ಎರಡು ಅಚ್ಚು ಕೂಡಿದ ಕಡೆ ಎದ್ದಿದ್ದ ಗೀಟನ್ನು ಬ್ಲೇಡಿನ ಬೆನ್ನಿನಿಂದ ಕೆರೆದೆ. ಉಪ್ಪುಕಾಗದ ಉಜ್ಜಿದ್ದು ನೀರಿನೊಳಗೇ, ಮೂಗಿಗೆ ಮಾಸ್ಕ್ ಕಟ್ಟಿ. ರೆಸಿನ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಈ ವಿಷಯದಲ್ಲಿ ಸೋಮಾರಿತನ ಬೇಡವೇ ಬೇಡ. ಒಂದು ದಂತದಲ್ಲಿ ಗುಳ್ಳೆ ಒಡೆದು ಸೂಜಿಮೊನೆಯಷ್ಟು ಮೂರು ತೂತು. ಅಡುಗೆ ಸೋಡಾ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಟ್ಟರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಸೊಂಡಿಲಿಗೆ ಬರೀ ಅಂಟು ಸಾಲದು. ಎರಡೂ ಕಡೆ 1 ಮಿಲಿಮೀಟರ್ ತೂತು ಕೊರೆದು, ಪೇಪರ್ ಕ್ಲಿಪ್ಪಿನ ತಂತಿ ಕೂರಿಸಿ ಜೋಡಿಸಿದೆ.

ಆಮೇಲೆ ಪ್ರೈಮರ್ ಸ್ಪ್ರೇ ಡಬ್ಬಿ ಅಲ್ಲಾಡಿಸಿದ್ದಷ್ಟೇ, ಅವ್ವ ಓಡಿ ಬಂದಳು. ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪಿಗೆ ಬಾಯಿ ಹಾಕಿದ್ದವು. ಇನ್ನೊಂದು ವಾರಕ್ಕೆ ಹಣ್ಣಾಗಿ ಚಂದ್ರಿಕೆ ಏರಬೇಕು. ಹುಳುಮನೆ ಹತ್ತಿರ ಬೀಡಿ ಹಚ್ಚಿದವರನ್ನೂ ಅವಳು ಬಿಡುವವಳಲ್ಲ. “ನಿನ್ ಆನೆ ಸಾಯಲ್ಲ ಕಣಪ್ಪ, ನನ್ ಹುಳ ಸತ್ತೋಯ್ತವೆ.” ನಾನು ಮರೆತೇಬಿಟ್ಟಿದ್ದೆ. ಈ ಹುಳದ ದುಡ್ಡಲ್ಲೇ ಓದಿದವನು ನಾನು! ಪಂಪ್‌ಹೌಸ್ ತನಕ ನಡೆದು, ಗಾಳಿ ಹೊಲದ ಕಡೆ ಬೀಸುವುದನ್ನು ಕಾದು ಸ್ಪ್ರೇ ಮಾಡಿ, ಬಟ್ಟೆ ಬದಲಿಸಿ, ಕೈಕಾಲು ತೊಳೆದ ಮೇಲೇ ಒಳಗೆ ಬಿಟ್ಟಳು.

ಸಂಜೆ ಅಪ್ಪ ಬಂದು ಆನೆಯನ್ನು ಅಂಗೈ ಮೇಲೆ ಇಟ್ಟುಕೊಂಡ. ಬೆಲೆ ಕೇಳಲಿಲ್ಲ. ಸುಮಾರು ಹೊತ್ತು ತಿರುಗಿಸಿ ನೋಡಿ, “ಇದು ನಮ್ಮ ಆನೆ ಅಲ್ಲ ಕಣ್ಲಾ” ಅಂದ.

“ಯಾಕಪ್ಪ?”

“ಕಿವಿ ನೋಡು, ಮೊರದಂಗೈತೆ. ನಮ್ಮವಕ್ಕೆ ಈಟಗಲ ಎಲ್ಲೈತೆ? ಬೆನ್ನು ನಡುವೆ ಕುಸಿದೈತೆ. ನಮ್ಮವು ಬೆನ್ನು ಉಬ್ಬಿರ್ತದೆ. ತಲೆ ಮ್ಯಾಲೆ ಎರಡು ಗುಬ್ಬ ಇರ್ಬೇಕು, ಇಲ್ಲಿ ಬೋಳು.”

ಮೊಬೈಲಿನಲ್ಲಿ ಫೋಟೋ ತೆಗೆದು ಹೋಲಿಸಿದೆ. ಅವನು ಹೇಳಿದ್ದೆಲ್ಲ ಸರಿ. ಅಗಲ ಕಿವಿ, ತಗ್ಗು ಬೆನ್ನು, ಬೋಳು ಹಣೆ, ಎಲ್ಲ ಆಫ್ರಿಕಾದ ಆನೆಯದು. ಕ್ರಿ.ಪೂ. 217ರಲ್ಲಿ ರಾಫಿಯಾ ಯುದ್ಧದಲ್ಲಿ ಆಫ್ರಿಕಾದ ಆನೆ, ಭಾರತದ ಆನೆ ಎದುರುಬದುರು ನಿಂತಿದ್ದವು ಅಂತ ಓದಿದ್ದೆ. ಆ ಲೆಕ್ಕದಲ್ಲಿ ಕಂಪನಿಯವರು ಎದುರು ಪಾರ್ಟಿ ಆನೆಗೆ ನಮ್ಮ ಮಾವುತನನ್ನು ಕೂರಿಸಿ ಕಳಿಸಿದ್ದರು. ಮೂರು ವರ್ಷದಿಂದ ಆನೆಸೈನ್ಯ ಕಟ್ಟುತ್ತಿರುವ ನನಗೆ ಇದು ಕಾಣಲಿಲ್ಲ.

ಅಪ್ಪ ಅಷ್ಟಕ್ಕೇ ಬಿಡಲಿಲ್ಲ. ಅವ್ವನ ಸೂಜಿದಾರ ತರಿಸಿದ. ಮುಂಗಾಲಿನ ಪಾದದ ಸುತ್ತ ಎರಡು ಸುತ್ತು ಹಾಕಿ, ದಾರ ಬಿಚ್ಚಿ ನನ್ನ ಆಟದ ಟೇಪಿಗೆ ಹಿಡಿದ. ಮುಂಗಾಲಿನ ಸುತ್ತಳತೆಯ ಎರಡರಷ್ಟು ಆನೆಯ ಭುಜದೆತ್ತರ. ಫಾರೆಸ್ಟ್ ವಾಚರ್ ಒಬ್ಬರು ಹೇಳಿಕೊಟ್ಟದ್ದಂತೆ. ಬೆಳಿಗ್ಗೆ ಹೊಲದಲ್ಲಿ ಹೆಜ್ಜೆ ಅಳೆದರೆ ರಾತ್ರಿ ಬಂದದ್ದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ದಾರ 8 ಸೆಂಟಿಮೀಟರ್ ಬಂತು, ಆನೆಯ ಭುಜ ಐದೂವರೆ. “ಕಾಲಿಗೂ ಮೈಗೂ ಲೆಕ್ಕವೇ ಇಲ್ಲ” ಅಂದ. ಆಟದ ಗೊಂಬೆಗಳಿಗೆ ಕೈಕಾಲು ಬೇಕಂತಲೇ ದಪ್ಪ ಮಾಡುತ್ತಾರೆ, ಮೇಜಿನಾಚೆಯಿಂದ ಕಾಣಲಿ ಅಂತ. ಅದನ್ನು ಹೇಳಿದೆ. ಒಪ್ಪಿದ ಹಾಗೆ ಕಾಣಲಿಲ್ಲ.

ಇಷ್ಟೆಲ್ಲ ಅವನು ಕಲಿತದ್ದು ಬೆಲೆ ಕೊಟ್ಟು. ಎರಡು ವರ್ಷದ ಹಿಂದೆ, ರಾಗಿ ತೆನೆ ಬಲಿಯುವ ಇದೇ ಹೊತ್ತಿನಲ್ಲಿ, ಅಟ್ಟಣೆ ಮೇಲೆ ಕಾವಲಿದ್ದ. ಮೂರು ಆನೆ ಬಂದವು. ಒಂದು ಅಟ್ಟಣೆಗೇ ಒರಗಿತು. ಅಪ್ಪ ಹಾರಿ ಓಡುವಾಗ ಬದುವಿನಿಂದ ಉರುಳಿ ಮೊಣಕಾಲ ಕೆಳಗೆ ಮೂಳೆ ಮುರಿಯಿತು. ಈಗಲೂ ಎಡಗಾಲು ಎಳೆಯುತ್ತಾನೆ. ಆ ರಾತ್ರಿ ಅವ್ವ ನನಗೆ ಒಂಬತ್ತು ಸಲ ಫೋನ್ ಮಾಡಿದ್ದಳು. ಫೋನ್ ಸೈಲೆಂಟಿನಲ್ಲಿತ್ತು. ನಾನು ಶನಿವಾರದ ಆಟದಲ್ಲಿದ್ದೆ. ಆಫೀಸ್ ಕೆಲಸ ಇತ್ತು ಅಂದಿದ್ದೆ.

ಅಪ್ಪ ದಾರ ಸುತ್ತುತ್ತಲೇ ಕೇಳಿದ, “ಆವತ್ತು ರಾತ್ರಿ ಇದನ್ನೇ ಆಡ್ತಿದ್ದಾ?”

ಅವ್ವ ಒಳಗೆ ಸೊಪ್ಪು ಹಾಕುತ್ತಿದ್ದಳು. ಹುಳು ಮೇಯುವ ಸದ್ದು ಮಳೆ ಬಿದ್ದ ಹಾಗೆ ಕೇಳುತ್ತಿತ್ತು.

“ಹೂಂ ಅಪ್ಪ.”

“ಆನೆ ಗೆದ್ದುವಾ?”

“ಇಲ್ಲ. ಏಟು ಜಾಸ್ತಿ ಬಿದ್ರೆ ಹಿಂದಕ್ಕೆ ತಿರುಗಿ ನಮ್ಮೋರನ್ನೇ ತುಳಿತಾವೆ. ಹಂಗೇ ನಿಯಮ.”

“ಅದು ಸರಿಯಾಗಿ ಬರ್ದವ್ರೆ” ಅಂದ ಅಪ್ಪ. “ಹೆದರಿದ್ ಆನೆನೇ ತುಳಿಯೋದು.”

ಆಮೇಲೆ ಆ ಮಾತು ಬರಲಿಲ್ಲ. ಕಿಟ್ ವಾಪಸ್ ಕಳಿಸುವ ಹಾಗೂ ಇರಲಿಲ್ಲ, ಅಂಟಿಸಿ ಆಗಿತ್ತು. ಮಾರನೇ ದಿನ ಇಬ್ಬರೂ ಕೂತು ರಿಪೇರಿ ಮಾಡಿದೆವು. ಕಿವಿಯನ್ನು ಅಪ್ಪ ಪೆನ್ಸಿಲಲ್ಲಿ ಗುರುತು ಹಾಕಿದ, ನಾನು ಕತ್ತರಿಸಿದೆ. ಅಂಗಡಿಯಿಂದ ಎಂ-ಸೀಲ್ ತಂದು ಹಣೆಗೆ ಮೆತ್ತಿದೆವು. ಪೈಪಿನ ಬಿರುಕಿಗೆ ಹಾಕುವ ಅದೇ ಎಂ-ಸೀಲ್. ಎರಡು ಗುಬ್ಬಗಳನ್ನು ಅಪ್ಪನೇ ಬೆರಳಲ್ಲಿ ಒತ್ತಿ ಮಾಡಿದ. ಉಗುರೂ ಎಣಿಸಿದ: ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು. ಅಲ್ಲಿ ಮಾತ್ರ ಕಂಪನಿಯವರು ತಪ್ಪಿರಲಿಲ್ಲ. ಚರ್ಮದ ಸುಕ್ಕೂ ಚೆನ್ನಾಗಿಯೇ ಇಳಿದಿದೆ, ಅದನ್ನು ಹೇಳಲೇಬೇಕು. ಆದರೂ ಮೊದಲ ಸಲ ಕೂರಿಸುವವರಿಗೆ ನಾನು ರೆಸಿನ್ ಹೇಳುವುದಿಲ್ಲ. ಪ್ಲಾಸ್ಟಿಕ್ ಕಿಟ್ ಅಗ್ಗ, ತೊಳೆಯುವ ಗೋಳಿಲ್ಲ.

ಅವ್ವನದು ಬೇರೆ ತೀರ್ಪು. “ಚನ್ನಪಟ್ಟಣದ ಬೊಂಬೆ ಆನೆ ನೀನು ಹಲ್ಲಲ್ಲಿ ಕಚ್ತಿದ್ದೆ. ಏನೂ ಆಗ್ತಿರಲಿಲ್ಲ.” ಅದಕ್ಕೆ ಹಚ್ಚುವ ಅರಗೂ ಒಂದು ಬಗೆಯ ರೆಸಿನ್ನೇ, ಹುಳುವೇ ಕೊಡುವಂಥದ್ದು ಅಂದೆ. ಹುಳು ಅಂದಿದ್ದಕ್ಕೆ ಖುಷಿಯಾದಳು.

ಬೆಂಗಳೂರಿಗೆ ಬಂದು ನಾಲ್ಕನೇ ದಿನ, ರಾತ್ರಿ ಹತ್ತೂವರೆಗೆ ಅಪ್ಪನ ಫೋನ್. ಎದೆ ಧಸಕ್ಕೆಂದಿತು.

“ಏನಪ್ಪ, ಏನಾಯ್ತು?”

“ಏನಿಲ್ಲ ಬುಡು. ಆನೆಗೆ ಬಣ್ಣ ಬಳಿದ್ಯಾ?”

“ಇನ್ನೂ ಇಲ್ಲ. ಬೂದು ಬಣ್ಣ ತಂದಿದೀನಿ.”

“ಬೂದು ಬ್ಯಾಡ ಕಣ್ಲಾ. ಮೈಮ್ಯಾಲೆಲ್ಲ ಮಣ್ಣು ಎರಚ್ಕೊಂಡಿರ್ತವೆ. ಟಾರ್ಚ್ ಬಿಟ್ರೆ ಕೆಂಪಗೆ ಕಾಣ್ತವೆ. ಕೆಂಪು ಬಳಿ.”