ಬೆತ್ತದ ತಲೆಹಲಗೆ

ಮುಂಬೈಗೆ ಬಂದು 28 ವರ್ಷವಾದರೂ ನಮ್ಮದು 11 ತಿಂಗಳ ಕರಾರಿನ ಸಂಸಾರ. ಗೋಡೆಗೆ ತೂತು ಕೊರೆಯುವ ಹಾಗಿಲ್ಲ. ಊರಿನ ಮನೆ ಬಿಟ್ಟು ಬಂದ ಅಮ್ಮನಿಗೋ, ಮಂಚದಲ್ಲಿ ಒರಗಿ ಕೂರಲು ಮಳೆಗಾಲದ ಥಂಡಿ ಗೋಡೆ ಆಗದು. ಸರಿ, ಬೆತ್ತದ ತಲೆಹಲಗೆ ನಾನೇ ಮಾಡೋಣವೆಂದು ಹೊರಟೆ. ಸುತ್ತಿಗೆ ಹಿಡಿದವನೇ ಅಲ್ಲ!

ಬಡಗಿಯ ಹತ್ತಿರ ಚೌಕಟ್ಟು ಮಾಡಿಸಿದೆ. ಹೆಣೆದ ಬೆತ್ತದ ಜಾಲರಿಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಚೌಕಟ್ಟಿನ ಹಿಂಬದಿಗೆ ಎಳೆದು ಸ್ಟೇಪಲ್ ಹೊಡೆದು, ಅಂಚಿಗೆ ಮರದ ಪಟ್ಟಿ ಇಟ್ಟು ಸ್ಕ್ರೂ ಬಿಗಿದೆ. ಗುಟ್ಟು ಇಷ್ಟೇ ನೋಡಿ: ನೆನೆದ ಬೆತ್ತ ಬಾಗುತ್ತದೆ, ಒಣಗುತ್ತಾ ತಾನೇ ಬಿಗಿಯಾಗುತ್ತದೆ. ಎರಡು ದಿನ ಫ್ಯಾನಿನ ಕೆಳಗಿಟ್ಟು ತಟ್ಟಿದರೆ, ಡೋಲು!

"ನಿಮ್ಮಜ್ಜನ ಆರಾಮಕುರ್ಚಿ ಥರಾನೇ ಇದೆಯಲ್ಲೋ" ಅಂದರು ಅಮ್ಮ, ಬೆನ್ನು ಕೊಟ್ಟು. ಬೋಲ್ಟ್ ಹಾಕಿದ್ದು ಮಂಚದ ಕಾಲಿಗೆ. ಮುಂದಿನ ಮನೆಗೂ ಜೊತೆಗೆ ಬರುತ್ತದೆ.