ಆ ಕರಿ ಫೋನು ಯಾಕೆ ಸುಮ್ಮನಾಯಿತು?

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆ ಐ.ಟಿ.ಐ. ಅಂದರೆ ಫಿಟ್ಟರ್, ವೆಲ್ಡರ್ ಕೆಲಸ ಕಲಿಸುವ ಸಂಸ್ಥೆ ಅಷ್ಟೇ. ಇನ್ನೊಂದು ಐ.ಟಿ.ಐ. ಇತ್ತು, ಈಗಲೂ ಇದೆ. ಟಪಾಲು ಕಚೇರಿಯಲ್ಲೋ ಪಾಟೀಲರ ವಾಡೆಯಲ್ಲೋ ಕಾಣುತ್ತಿದ್ದ, ಬೆರಳು ಹಾಕಿ ತಿರುಗಿಸುವ ಭಾರದ ಕರಿ ಫೋನು ನೆನಪಿದೆಯಲ್ಲವೇ? ಅದರ ತವರು ಬೆಂಗಳೂರಿನ ದೂರವಾಣಿನಗರ. 1948ರಲ್ಲಿ ಅಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ. ಇಡೀ ದೇಶಕ್ಕೆ ಫೋನು ಕೊಟ್ಟ ಈ ಕಂಪನಿ ಸೊರಗಿತಲ್ಲ, ತಪ್ಪು ಯಾರದು?

ಮೊಬೈಲ್ ಬಂತು, ಅದು ಹೋಯಿತು ಅನ್ನುವವರೇ ಹೆಚ್ಚು. ಆದರೆ ಮೊಬೈಲ್ ಬಂದದ್ದು 1995ರಲ್ಲಿ. ರೋಗ ಅದಕ್ಕಿಂತ ಹಳೆಯದು. ಇನ್ನು ಕೆಲವರು ಕಾರ್ಮಿಕರನ್ನು ಬಯ್ಯುತ್ತಾರೆ. ಏನು ತಯಾರಿಸಬೇಕೆಂದು ಕಾರ್ಮಿಕರನ್ನು ಕೇಳಿದವರು ಯಾರು?

ಮಾಲೀಕ ಸರಕಾರ, ಗಿರಾಕಿಯೂ ಸರಕಾರವೇ, ಅಂದರೆ ಅಂಚೆ-ತಂತಿ ಇಲಾಖೆ. 1964ರಲ್ಲಿ ಬೆಲ್ಜಿಯಂ ಕಂಪನಿಯೊಂದಿಗೆ ಒಪ್ಪಂದವಾಗಿ ಕ್ರಾಸ್‌ಬಾರ್ ಎಕ್ಸ್‌ಚೇಂಜುಗಳು ಬಂದವು. ನಮ್ಮ ಲೈನುಗಳ ಮೇಲಿನ ಕರೆಗಳ ಒತ್ತಡವನ್ನು ಅವು ತಾಳಲಿಲ್ಲ. ಇತ್ತ ಜನ ಫೋನಿಗೆ ನಂಬರು ಹಚ್ಚಿ ವರ್ಷಗಟ್ಟಲೆ ಕಾಯುತ್ತಿದ್ದರು. ಬಾಗಿಲಲ್ಲಿ ಪಾಳಿ ನಿಂತಿರುವಾಗ ಅಂಗಡಿಯವನಿಗೆ ಯಾವ ಚಿಂತೆ?

1984ರಲ್ಲಿ ಫೋನು ತಯಾರಿಸಲು ಖಾಸಗಿಯವರಿಗೂ ಅನುಮತಿ ಸಿಕ್ಕಿತು. ಅದೇ ವರ್ಷ ಸಿ-ಡಾಟ್ ಹುಟ್ಟಿತು. ಅದರ ಹಳ್ಳಿ ಎಕ್ಸ್‌ಚೇಂಜ್ 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಕೂತಿತು. ಅಂದಮೇಲೆ ಬುದ್ಧಿಗೆ ಇಲ್ಲಿ ಬರ ಇರಲಿಲ್ಲ. 1991ರ ನಂತರ ಬಾಗಿಲು ಪೂರ್ತಿ ತೆರೆಯಿತು, ಹೊರಗಿನ ಕಂಪನಿಗಳು ಬಂದವು. ಇದ್ದ ಒಬ್ಬ ಗಿರಾಕಿ ಟೆಂಡರ್ ಕರೆಯತೊಡಗಿದ. ಬೇರೆ ಗಿರಾಕಿಯನ್ನು ಹುಡುಕುವ ರೂಢಿಯೇ ಇಲ್ಲದ ಕಂಪನಿ ಏನು ಮಾಡೀತು? 2014ರಲ್ಲಿ ಕೇಂದ್ರ ಸರಕಾರ 4,156 ಕೋಟಿ ರೂಪಾಯಿಯ ಪುನಶ್ಚೇತನ ಯೋಜನೆಗೆ ಒಪ್ಪಿಗೆ ಕೊಡಬೇಕಾಯಿತು.

ನೋಕಿಯಾ ಖಾಸಗಿ ಕಂಪನಿಯೇ ಆಗಿತ್ತಲ್ಲ, ಅಂತೀರಾ? ನಿಜ. ಅದೂ ಸ್ಮಾರ್ಟ್‌ಫೋನಿನಲ್ಲಿ ಹಿಂದೆ ಬಿದ್ದು, 2014ರಲ್ಲಿ ಫೋನು ವ್ಯವಹಾರವನ್ನು ಮೈಕ್ರೋಸಾಫ್ಟಿಗೆ ಮಾರಿತು. ಹಾಗಾಗಿ ಸರಕಾರಿ, ಖಾಸಗಿ ಅನ್ನುವುದಲ್ಲ ಪ್ರಶ್ನೆ. ಗಿರಾಕಿ ಎಲ್ಲಿಗೂ ಹೋಗಲಾರ ಎಂದು ನಂಬಿ ನಿರ್ಧಾರ ತೆಗೆದುಕೊಂಡವರ ಮೇಲೆಯೇ ತಪ್ಪು ಹೊರಿಸುತ್ತೇವೆ ನಾವು.

ಈ ಮಾತು ಕನ್ನಡ ಶಾಲೆಯವರಿಗೆ ಯಾಕೆ ಅಂದರೆ, ಗಡಿಭಾಗದಲ್ಲೂ ಇದೇ ವಾದ ನಡೆದಿದೆ. ಇಂಗ್ಲಿಷ್ ಶಾಲೆ ಬಂತು, ನಮ್ಮ ಪಟಸಂಖ್ಯೆ ಇಳಿಯಿತು ಅನ್ನುತ್ತೇವೆ. ಪುಸ್ತಕ ಪುಣೆಯ ಬಾಲಭಾರತಿಯಿಂದ, ಆದೇಶ ಮುಂಬೈಯಿಂದ ಬರುತ್ತವೆ, ಅದೂ ಖರೆ. ಆದರೆ "ಹತ್ತನೇತ್ತೆ ಮುಗಿದ ಮೇಲೆ ನಮ್ಮ ಹುಡುಗ ಎಲ್ಲಿ ಕಲೀಬೇಕ್ರಿ ಸರ್?" ಎಂದು ಪಾಲಕರು ಕೇಳುವುದು ಪುಣೆಯನ್ನಲ್ಲ, ಮುಂಬೈಯನ್ನಲ್ಲ, ನಮ್ಮನ್ನೇ. ಅವರು ಇನ್ನೂ ಕೇಳುತ್ತಿದ್ದಾರೆ, ಅದೇ ಪುಣ್ಯ. ಈ ಜೂನಿನಲ್ಲಿ ಶಾಲೆ ಶುರುವಾಗುವ ಮುಂಚೆ ಪ್ರತಿ ಊರಿನ ಗುರುಗಳು, ಶಾಲಾ ಸಮಿತಿಯವರು ಕೂತು ಇದೊಂದಕ್ಕೆ ಉತ್ತರ ಬರೆದಿಟ್ಟುಕೊಂಡರೆ ಹೇಗೆ?

ನೀವೇನಂತೀರಿ?